ಮೊಲ ಬೀಗರಲ್ಲ

ನಮ್ಮ ಸೋದರತ್ತೆಯ ಮನೆಯಿಂದ ಯಾರೂ ಹಸಿದು ಹೊರಬಿದ್ದಿಲ್ಲ. ನೆಟ್ಟಗೆ ನಡೆದುಕೊಂಡು ಹೊರಬಿದ್ದವರೂ ಕಡಿಮೆ. ಊಟಕ್ಕೆ ಕೂತವರು ‘ಸಾಕು’ ಎಂದರೆ ಅವಳ ಪ್ರಕಾರ ಅದಕ್ಕೆ ಒಂದೇ ಅರ್ಥ: ಪಾಪ, ನಾಚಿಕೊಳ್ಳುತ್ತಿದ್ದಾರೆ.

ಕರೆಂಟಿನ ಮೀಟರ್ ನೋಡಲು ಬಂದವನನ್ನೂ ಬಿಟ್ಟವಳಲ್ಲ. “ಮೀಟರ್ ಎಲ್ಲಿಗೂ ಓಡಿ ಹೋಗಂಗಿಲ್ಲ, ಮೊದ್ಲು ಕುಂದರಪ್ಪ” ಎಂದು ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ, ಮೇಲೊಂದು ತಂಬಿಗೆ ಮಜ್ಜಿಗೆ ಇಳಿಸಿದಳು. ಮುಂದಿನ ತಿಂಗಳಿಂದ ಅವನು ಒಳಗೆ ಕಾಲಿಡಲೇ ಇಲ್ಲ. ಬೀದಿಯಲ್ಲೇ ನಿಂತು, “ಅಮ್ಮಾರ, ಎಷ್ಟೈತಿ ನೀವ ನೋಡಿ ಹೇಳಿಬಿಡ್ರಿ” ಎನ್ನುತ್ತಿದ್ದ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನಲ್ಲಿ ಕಾಲೇಜು ಓದಲೆಂದು ಈ ಮನೆಗೇ ಬಂದು ಸೇರಿದೆ. ಒಂದೇ ವರ್ಷದಲ್ಲಿ ನನ್ನ ಚೂಡಿದಾರಗಳನ್ನು ಎರಡು ಸಲ ಬಿಚ್ಚಿ ಹೊಲಿಸಬೇಕಾಯಿತು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು.

ಮಾವ ಬಸ್ ಕಂಡಕ್ಟರ್. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವನ ಕಂಕುಳಲ್ಲಿ ರಟ್ಟಿನ ಪೆಟ್ಟಿಗೆಯಿತ್ತು. ಹಡಗಲಿ ಬಸ್ಸಿನಲ್ಲಿ ಯಾರೋ ಮರೆತು ಇಳಿದಿದ್ದರಂತೆ. ತೆರೆದರೆ ಒಂದು ಹಿಡಿ ಹತ್ತಿಯಂಥ ಬಿಳಿ ಮೊಲದ ಮರಿ. ಪ್ರಯಾಣಿಕರು ಬಿಟ್ಟುಹೋದ ಛತ್ರಿ, ಚೀಲ, ಟಿಫಿನ್ ಡಬ್ಬಿಗಳಿಗೆಲ್ಲ ಡಿಪೋದ ರಿಜಿಸ್ಟರಿನಲ್ಲಿ ಜಾಗವಿತ್ತು, ಮೊಲಕ್ಕೆ ಇರಲಿಲ್ಲ. ಯಾರಾದರೂ ಕೇಳಿಕೊಂಡು ಬರುವ ತನಕ ನೀನೇ ಇಟ್ಟುಕೋ ಎಂದು ಡಿಪೋದವರು ಕೈತೊಳೆದುಕೊಂಡಿದ್ದರು. ಯಾರೂ ಕೇಳಿಕೊಂಡು ಬರಲಿಲ್ಲ.

ಅತ್ತೆ ಪೆಟ್ಟಿಗೆಯೊಳಗೆ ಇಣುಕಿ ನೋಡಿ, “ಎಷ್ಟು ಸೊರಗೇತಿ ನೋಡು ಕೂಸು” ಎಂದಳು. ನನಗಾಗಲೇ ಮೊಲದ ಮೇಲೆ ಕನಿಕರ ಹುಟ್ಟಿತು.

ಮೊದಲ ದಿನ ಕೂಸಿಗೆ ಕುಡಿಸುವ ಒಳಲೆಯಲ್ಲಿ ಎಮ್ಮೆ ಹಾಲು. ಎರಡನೆಯ ದಿನ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಮಧ್ಯಾಹ್ನಕ್ಕೆ ಮಂಡಕ್ಕಿ, ಸಂಜೆ ಬೆಲ್ಲದ ಚೂರು. ಮೊಲ ಮೂಗು ಅಲುಗಿಸಿದರೆ, “ನೋಡು, ಇನ್ನಾ ಬೇಕಂತೈತಿ” ಎನ್ನುವಳು. ಮೊಲ ಮೂಗು ಅಲುಗಿಸದೇ ಇರುವ ಕ್ಷಣ ಯಾವುದಿದೆ ಹೇಳಿ?

ಮೂರನೆಯ ಬೆಳಿಗ್ಗೆ ಅದು ಮೂಲೆ ಹಿಡಿದು ಕೂತಿತ್ತು. ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು. ಪೆಟ್ಟಿಗೆಯಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಮೂಗು ಕೂಡ ಅಲುಗುತ್ತಿರಲಿಲ್ಲ. ಅತ್ತೆ ಸೀರೆ ಬದಲಿಸದೆ, ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ನಡೆದೇಬಿಟ್ಟಳು. ಹಿಂದೆ ನಾನು.

“ತಿನ್ನಾಕ ಏನೇನ್ ಕೊಟ್ರಿ?” ಎಂದರು ಡಾಕ್ಟರು.

ಅತ್ತೆ ಹೇಳಿದಳು. ಡಾಕ್ಟರು ಬರೆದುಕೊಳ್ಳುತ್ತಿದ್ದರು. ಬೆಲ್ಲದ ಹೊತ್ತಿಗೆ ಪೆನ್ನು ಕೆಳಗಿಟ್ಟರು. “ಅಮ್ಮಾರ, ಇದು ಮೊಲ ಐತ್ರಿ. ಬೀಗರಲ್ಲ.”

ಔಷಧಿ ಕುಡಿಸಿ, ಒಂದೊಂದಾಗಿ ಹೇಳಿದರು. ಇದು ತಾಯಿಯ ಹಾಲು ಬಿಟ್ಟ ಮರಿ, ಎಮ್ಮೆ ಹಾಲು ಬೇಡ. ರೊಟ್ಟಿ, ಮಂಡಕ್ಕಿ, ಬೆಲ್ಲ ಯಾವುದೂ ಬೇಡ. ಒಣಹುಲ್ಲು ಮತ್ತು ಶುದ್ಧ ನೀರು ಸದಾ ಮುಂದಿರಲಿ. ಹಸಿ ಸೊಪ್ಪು ಆಮೇಲೆ, ಒಂದು ಸಲಕ್ಕೆ ಒಂದೇ ಬಗೆ, ಅದೂ ಚಿಟಿಕೆಯಷ್ಟು. “ಬಾಯಿಗೆ ತುರುಕಬ್ಯಾಡ್ರಿ. ಮುಂದ ಇಟ್ಟು ಸುಮ್ನ ಕುಂದರ್ರಿ. ಸಂಜಿಯೊಳಗ ತಾನ ತಿನ್ನಲಿಲ್ಲಂದ್ರ ಮತ್ತ ಕರಕೊಂಡ್ ಬರ್ರಿ.”

ಅತ್ತೆಗೆ ‘ಸುಮ್ನ ಕುಂದರ್ರಿ’ ಎಂಬ ಔಷಧಿ ಬಲು ಕಹಿಯಾಯಿತು. ಹುಲ್ಲು ಹಾಕಿ ಪೆಟ್ಟಿಗೆಯೆದುರು ಕೂತಳು. ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಳ್ಳುತ್ತಿದ್ದಳು. ಆ ದಿನ ಅವಳೂ ಉಣ್ಣಲಿಲ್ಲ. ನಾಲ್ಕೂವರೆಯ ಸುಮಾರಿಗೆ ಮರಿ ಒಂದು ಎಸಳು ಎಳೆದುಕೊಂಡು ಕುರುಕಿತು. ಸ್ವಲ್ಪ ಹೊತ್ತಿಗೆ ಮೂರು ಹಿಕ್ಕೆ ಹಾಕಿತು. ಅತ್ತೆ ಓಡಿಹೋಗಿ ದೇವರಿಗೆ ದೀಪ ಹಚ್ಚಿದಳು. ಮೂರು ಹಿಕ್ಕೆಗೆ ದೀಪ ಹಚ್ಚಿದ ಮನೆ ಊರಲ್ಲಿ ಅದೊಂದೇ ಇರಬೇಕು.

ಅಲ್ಲಿಂದ ಅವಳ ವರಸೆಯೇ ಬದಲಾಯಿತು. ಸಂತೆಯಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡಿದ್ದ ಹೆಂಗಸಿನ ಮುಂದೆ ಕೂತು, “ಹೊಲಕ್ಕ ಹುಳದ ಎಣ್ಣಿ ಹೊಡದೀರೇನು?” ಎಂದು ಕೇಳಿ, ಮೂಸಿ, ಕೊನೆಗೆ ಒಂದು ಎಸಳನ್ನು ತಾನೇ ಅಗಿದು ನೋಡಿದಳು. ಆ ಹೆಂಗಸು ದಂಗಾಗಿ, “ಎಷ್ಟ್ ಎಮ್ಮಿ ಅದಾವ್ರಿ ಮನ್ಯಾಗ?” ಎಂದಳು.

“ಒಂದ್ ಮೊಲ.”

ಇನ್ನೊಂದು ಮುಂಜಾನೆ ಮೊಲ ಬಗ್ಗಿ ತನ್ನ ಹಿಕ್ಕೆಯನ್ನೇ ತಿನ್ನುವುದು ಅವಳ ಕಣ್ಣಿಗೆ ಬಿತ್ತು. ಅತ್ತೆ ಥಟ್ಟನೆ ಬೀದಿ ಬಾಗಿಲು ಮುಚ್ಚಿದಳು. “ಯಾರಾರ ನೋಡಿದ್ರ ನಮ್ಮನ್ಯಾಗ ಉಣ್ಣಾಕ ಹಾಕಂಗಿಲ್ಲ ಅಂದಾರು” ಎಂದು ಮತ್ತೆ ಆಸ್ಪತ್ರೆಗೆ ಓಡಿದಳು. ಅದು ಬೇರೆ ಥರದ ಮೆತ್ತನೆಯ ಹಿಕ್ಕೆ, ತಿಂದರೇ ಮೊಲಕ್ಕೆ ಶಕ್ತಿ, ತಡೆಯಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಆದರೂ ಆ ಹೊತ್ತಿಗೆ ಬಾಗಿಲು ಮುಚ್ಚುವ ಅಭ್ಯಾಸ ಮಾತ್ರ ಉಳಿಯಿತು.

ಮೊಲಕ್ಕೆಂದು ಗಜ್ಜರಿ, ಅಂದರೆ ಕ್ಯಾರೆಟ್, ಹಿಡಿದು ಬಂದ ನೆರೆಮನೆಯವರಿಗೆ, “ಉಗುರಿನಷ್ಟು ಕೊಡ್ರಿ, ಉಳಿದದ್ದು ನೀವ ತಿನ್ರಿ” ಎಂದು ಎದುರಿಗೇ ಕೂರಿಸಿ ತಿನ್ನಿಸುತ್ತಿದ್ದಳು. ಪಥ್ಯವೆಲ್ಲ ಮೊಲಕ್ಕೆ, ಮನುಷ್ಯರಿಗೆ ಹಳೆಯ ಕಾನೂನೇ. ಐದನೆಯ ರೊಟ್ಟಿ ಮುಂದೆ ಬಿದ್ದಾಗ ಮಾವ, “ಆ ಡಾಕ್ಟರ್ ಕಡಿಗೆ ನನ್ನೂ ಒಮ್ಮಿ ಸೆರಗಿನ್ಯಾಗ ಸುತ್ತಿಕೊಂಡ್ ಹೋಗು ಲೇ” ಎಂದ.

ನನ್ನ ಡಿಗ್ರಿಯ ಕೊನೆಯ ವರ್ಷ ಹರಪನಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಅತ್ತೆ ಹೋಳಿಗೆ ಬಡಿಸಿದಳು. ಎಂಟು ಜನ ಚೆನ್ನಾಗಿಯೇ ತಿಂದರು. ಮೂರು ದಿನ ಬಿಟ್ಟು, ಹುಡುಗಿಯ ಬಣ್ಣ ಕಪ್ಪಾಯಿತು ಎಂದು ಹೇಳಿ ಕಳಿಸಿದರು. ನಾನು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಈಗ ಅತ್ತೆ ಬರುತ್ತಾಳೆ, ಬಾಯಿಗೆ ತುರುಕುತ್ತಾಳೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಬಂದಳು. ರೊಟ್ಟಿ ಬಡಿಸಿದ ಗಂಗಾಳವನ್ನು ನನ್ನ ಹತ್ತಿರ ಇಟ್ಟು, ಅದರ ಮೇಲೊಂದು ತಟ್ಟೆ ಮುಚ್ಚಿ, ತಾನು ಬಾಗಿಲ ಬಳಿ ಅತ್ತ ತಿರುಗಿ ಕೂತಳು. “ಹಸಿವಾದಾಗ ಉಣ್ಣವ್ವ. ಒತ್ತಾಯ ಇಲ್ಲ. ನಾ ಇಲ್ಲೇ ಅದೀನಿ” ಎಂದಳು.

ಆ ಬಾಯಿಂದ ‘ಒತ್ತಾಯ ಇಲ್ಲ’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ತಡೆದಿದ್ದ ಅಳುವೆಲ್ಲ ಆಗ ಬಂತು. ಅವಳು ತಿರುಗಿ ನೋಡಲಿಲ್ಲ, ಎದ್ದೂ ಹೋಗಲಿಲ್ಲ. ಅತ್ತು ಮುಗಿಸಿ ಎದ್ದು ಕೂತು, ಆರಿಹೋಗಿದ್ದ ಎರಡು ರೊಟ್ಟಿ ತಿಂದೆ. ಸದ್ದು ಕೇಳಿ ಅತ್ತೆ ಮೆಲ್ಲಗೆ ಇತ್ತ ತಿರುಗಿದಳು. ಏನೋ ಕೇಳಲು ಅವಳ ತುಟಿ ಅಲುಗಿತು, ಕೇಳಲಿಲ್ಲ. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಕೂತಳು.

“ಅತ್ತಿ, ಇನ್ನೊಂದು ಹಾಕು” ಎಂದೆ ನಾನು.