ಹುಲಗಪ್ಪನ ರೊಟ್ಟಿ ಮುಯ್ಯಿ

ಶಹಾಪುರದ ಗಿರಣಿಯ ಹಮಾಲ ಮೌಲಾಲಿಯನ್ನು ಹುಲಗಪ್ಪ ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ. ಅವತ್ತು ಕಾಟಾದ ಮೇಲೆ ಹುಲಗಪ್ಪನ ಭತ್ತದ ಚೀಲಗಳಿದ್ದವು. ತೂಕದಲ್ಲಿ ಮೋಸ ಆಗಬಾರದೆಂದು ಅವನೂ ಕಾಟಾ ಹತ್ತಿ, ಚೀಲಕ್ಕೆ ಒರಗಿ ನಿಂತಿದ್ದ. ಮೌಲಾಲಿ ಮುಳ್ಳು ನೋಡಿ ಗಿರಣಿಗೆಲ್ಲ ಕೇಳುವಂತೆ ಕೂಗಿದ:

“ಒಂದೂವರಿ ಚೀಲ ಜಾಸ್ತಿ ಬರಾಕತ್ತದ! ಹುಲಗಪ್ಪಣ್ಣಾ, ನೀವು ಇಳೀರಿ!”

ಗಿರಣಿಗೆ ಗಿರಣಿಯೇ ನಕ್ಕಿತು.

ಅದೇ ಸಿಟ್ಟಿನಲ್ಲಿ ದವಾಖಾನೆಗೆ ಹೋದರೆ ಡಾಕ್ಟರು ಮತ್ತೊಂದು ಏಟು ಕೊಟ್ಟರು. “ಸಕ್ಕರಿ ಏರ್ಯಾದ. ಎರಡು ತಿಂಗಳದಾಗ ಹೊಟ್ಟಿ ಇಳೀಲಿಲ್ಲಂದ್ರ ದಿನಾ ಸೂಜಿ!”

ಹಾಯಲು ಬಂದ ಹೋರಿಯ ಕೊಂಬು ಹಿಡಿದು ನಿಲ್ಲುವ ಗಂಡಸು ಹುಲಗಪ್ಪ. ಆದರೆ ಸೂಜಿ ಕಂಡರೆ ಮಂಚದ ಕಾಲು ಹಿಡಿದು ಅಳುವವನೂ ಅವನೇ! ಮನೆಗೆ ಬಂದವನೇ ಗುಡುಗಿದ:

“ನಾಳಿಂದ ಈ ಮನ್ಯಾಗ ಅನ್ನದ ಗಡಗಿ ಒಲಿ ಹತ್ತಬಾರದು! ನಮ್ಮಪ್ಪ ಜ್ವಾಳದ ರೊಟ್ಟಿ ತಿಂದು ಬಾರಕೋಲಿನಂಗ ಇದ್ದ. ನಾನೂ ಹಂಗ ಆಗ್ತೀನಿ, ನೋಡ್ತಿರು!”

“ರೊಟ್ಟಿ ಬಡಿಯೋರು ಯಾರು?” ಹೆಂಡತಿ ಮರಿಲಿಂಗಮ್ಮ ಸೊಂಟಕ್ಕೆ ಕೈಯಿಟ್ಟಳು. “ಕಾಲುವಿ ಬಂದಾಗಿಂದ ಈ ಕೈಗೆ ಅನ್ನದ ಹುಟ್ಟೊಂದೇ ಗೊತ್ತು. ಜ್ವಾಳ ಬಡವರ ಕೂಳು ಅಂದೋರು ಯಾರು? ನಾನಾ?”

ಅಂದವನು ಅವನೇ. ನಾರಾಯಣಪುರ ಡ್ಯಾಮಿನ ಕಾಲುವೆ ನೀರು ಹೊಲಕ್ಕೆ ಬಂದದ್ದೇ ತಡ, ಜೋಳ ಹೋಗಿ ಭತ್ತ ಬಂತು. ಹಬ್ಬಕ್ಕೊಮ್ಮೆ ಕಾಣುತ್ತಿದ್ದ ಅನ್ನ ದಿನಾ ಬಂತು. ದಿನವೂ ಹಬ್ಬವಾದ ಮೇಲೆ ಹೊಟ್ಟೆಯಾದರೂ ಏನು ಮಾಡೀತು!

“ಮುಯ್ಯಿಗೆ ಕರಿಯೋಣ!” ಎಂದ ಹುಲಗಪ್ಪ. ಮುಯ್ಯಿ ಅಂದರೆ ಕೈಗೆ ಕೈ: ಇವತ್ತು ನಮ್ಮ ಮನೆಗೆ ಅವರು ದುಡಿದರೆ, ನಾಳೆ ಅವರ ಮನೆಗೆ ನಾವು. ಪಕ್ಕದ ಮನೆಯ ಲಾಲಮ್ಮನ ಹೊಲ ಕಾಲುವೆಗಿಂತ ಎತ್ತರ. ನೀರು ಹತ್ತಲಿಲ್ಲ, ಅವಳು ಜೋಳ ಬೆಳೆಯುವುದನ್ನು ಬಿಡಲಿಲ್ಲ. ಅವಳು ನಾದಿನಿಯರನ್ನು ಕರಕೊಂಡು ಬಂದು, ಸಂಜೆಯ ತನಕ ಬಡಿದು, ಖಡಕ್ ರೊಟ್ಟಿಯ ಗೋಪುರವನ್ನೇ ಕಟ್ಟಿದಳು.

ಮುಯ್ಯಿಗೆ ಬಂದವರಿಗೆ ಒಣ ರೊಟ್ಟಿ ಹಾಕಿ ಕಳಿಸಲಾದೀತೇ? ಹುಗ್ಗಿಯಾಯಿತು, ಅನ್ನ ಸಾರಾಯಿತು. ಹುಲಗಪ್ಪ ಮೂಲೆ ಸೇರಿದರೆ ಲಾಲಮ್ಮ ಬಿಡಲಿಲ್ಲ.

“ಮನಿ ಯಜಮಾನ ಉಣ್ಣದ ನಾವು ಹ್ಯಾಂಗ ತುತ್ತು ಎತ್ತೋದ್ರಿ ಅಣ್ಣ?”

ವ್ರತದ ಮೊದಲ ದಿನವೇ, ಬರೀ ಮರ್ಯಾದೆಗಾಗಿ, ಮೂರು ಸಲ ಹುಗ್ಗಿ! ಮೇಲೆ ತುಪ್ಪ!

ಮರುದಿನದಿಂದ ರೊಟ್ಟಿಯೇ. ಶೇಂಗಾ ಹಿಂಡಿ, ಕೆನೆ ಮೊಸರು, ಎಣ್ಣೆಗಾಯಿ ಜೊತೆಗೆ. ನಾಲ್ಕು ರೊಟ್ಟಿ ಮುಗಿಸಿ ತಾಟು ನೋಡುತ್ತ ಕೂತ.

“ಯಾಕ? ಏಳ್ರಿ.”

“ಉಂಡಂಗ ಅನಸವಲ್ದಲೇ. ಕಡೀಕ ಒಂದೀಟು ಅನ್ನ ಇದ್ರ...”

“ಗಡಗಿ ಒಲಿ ಹತ್ತಬಾರದು ಅಂದಿದ್ರಿ!”

“ಕುಕ್ಕರ್ ಏನು ಗಡಗಿ ಅಲ್ಲಲ್ಲ! ಇಡು!”

ಅಂತೂ ಅನ್ನದ ಬದಲು ಬಂದ ರೊಟ್ಟಿ ಅನ್ನಕ್ಕೆ ಮುಂಚಿನ ತಿಂಡಿಯಾಗಿ ಕೂತಿತು. ತಿಂಗಳೆರಡಾದವು. ಗೋಪುರ ಕರಗಿತು. ಹುಲಗಪ್ಪ ಕರಗಲಿಲ್ಲ.

“ಏನು ತಿಂದ್ರಿ?” ಡಾಕ್ಟರು ಕೇಳಿದರು.

“ನಮ್ಮಪ್ಪ ತಿಂದಿದ್ದೇ ರೀ ಸಾಹೇಬ್ರ! ರೊಟ್ಟಿ!”

“ಅದರ ಮ್ಯಾಲ ನಿಮ್ಮಪ್ಪ ಅನ್ನ ಉಣ್ತಿದ್ರೇನು?”

“ಆವಾಗ ಅನ್ನ ಎಲ್ಲಿತ್ತು ರೀ!”

ಡಾಕ್ಟರು ಸೂಜಿ ಎತ್ತಿಕೊಂಡರು. ಹುಲಗಪ್ಪನ ಕೂಗು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತಂತೆ.

ಸೂಜಿ ದಿನಚರಿಯಾಯಿತು. ಅಷ್ಟರಲ್ಲಿ ಲಾಲಮ್ಮನ ಮಗಳ ಮದುವೆ ಬಂತು. “ಮುಯ್ಯಿ ತೀರಸಾಕ ಬರ್ರಿ” ಎಂದು ಕರೆ ಬಂತು. ಗಂಡ ಹೆಂಡತಿ ಇಬ್ಬರೂ ರೊಟ್ಟಿ ಬಡಿಯಲು ಹೋದರು. ಮರಿಲಿಂಗಮ್ಮ ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯಿತು. ಮತ್ತೊಂದು ಬಡಿದಳು, ಅದೂ ಹರಿಯಿತು. ಹುಲಗಪ್ಪನಿಗೆ ನೆತ್ತಿಗೇರಿತು. “ಸರಿ ಅತ್ಲಾಗ!” ಎಂದು ತೋಳೇರಿಸಿ ತಾನೇ ಕೂತ. ಅವನು ಬಡಿದದ್ದು ಬಾಗಿಲಿಗೆ ಅಡ್ಡ ಇಡುವಷ್ಟು ದಪ್ಪವಿತ್ತು. ನಾದಿನಿಯರು ಸೆರಗು ಬಾಯಿಗೆ ತುರುಕಿಕೊಂಡರು.

ಮಾನ ಉಳಿಸಿಕೊಳ್ಳಲು ಮನೆಯಿಂದ ಸಣ್ಣಕ್ಕಿಯ ಚೀಲ ಹೊತ್ತು ತಂದು ಲಾಲಮ್ಮನ ಮುಂದೆ ಇಳಿಸಿದ. “ಮುಯ್ಯಿ ತೀರಿತು ಅಂದ್ಕೋ, ತಂಗಿ.”

ಲಾಲಮ್ಮ ಚೀಲ ನೋಡಿದಳು, ಅವನ ಹೊಟ್ಟೆ ನೋಡಿದಳು.

“ಸೂಜಿ ನಿಮ್ಮ ಮನೀಗೆ ಬಂದಿದ್ದು ಸಾಲದೇನ್ರಿ ಅಣ್ಣ? ನಮ್ಮ ಮನೀಗೂ ಕಳಸ್ತೀರೇನು? ಒಯ್ರಿ. ನಾವು ಕೈ ಕೊಟ್ಟೀವಿ, ನೀವೂ ಕೈನೇ ಕೊಡ್ರಿ.”

ಮದುವೆ ಮುಗಿದು, ಆ ಮನೆಯಲ್ಲಿ ತೊಟ್ಟಿಲೂ ತೂಗಿತು, ಮುಯ್ಯಿ ಮಾತ್ರ ತೀರಲಿಲ್ಲ. ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಎದ್ದರೆ ಸಾಕು, ಹುಲಗಪ್ಪ ಇಂದಿಗೂ ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಾನೆ.