ಅಭ್ಯಾಸದ ಗರ್ಭಿಣಿ

ಹೆರಿಗೆ ನೋವು ತಿನ್ನುವ ಹೆಂಗಸಿನ ಕೈ ಹಿಡಿಯಲು ತಾಶ್-ಕೆಚು ಜಿಲ್ಲೆಯಲ್ಲಿ ಅರ್ಹತೆಯುಳ್ಳವರು ಒಬ್ಬರೂ ಇಲ್ಲವೆಂಬ ಸಂಗತಿಯನ್ನು ನಮ್ಮ ಆರೋಗ್ಯ ಕಚೇರಿ ಮೂರು ವರ್ಷದ ಹಿಂದೆ ಪತ್ತೆಹಚ್ಚಿತು. ಅಲ್ಲಿಯವರೆಗೆ ಅತ್ತೆ, ಅತ್ತಿಗೆ, ಪಕ್ಕದ ಮನೆಯ ಮುದುಕಿ ಎಂದು ಯಾರು ಬೇಕಾದರೂ ಹೋಗಿ ಕೈ ಹಿಡಿಯುತ್ತಿದ್ದರು. ಹಾಗೆ ಹುಟ್ಟಿದವರನ್ನು ಈಗ ವಾಪಸು ಕಳಿಸಲು ಬಾರದಾದ್ದರಿಂದ ಕಚೇರಿ ದೊಡ್ಡ ಮನಸ್ಸು ಮಾಡಿ ಕ್ಷಮಿಸಿತು. ಇನ್ನು ಮುಂದೆ ಮಾತ್ರ ಪ್ರಮಾಣಪತ್ರವಿಲ್ಲದ ಕೈ ಹೆರಿಗೆ ಕೋಣೆಯನ್ನು ಪ್ರವೇಶಿಸತಕ್ಕದ್ದಲ್ಲ ಎಂದು ಆದೇಶವಾಯಿತು.

ಪ್ರಮಾಣಪತ್ರ ಇರುವವಳಿಗೆ ಡೂಲಾ ಎಂದು ಹೆಸರು. ಹೆರಿಗೆ ಮಾಡಿಸುವುದು ಅವಳ ಕೆಲಸವಲ್ಲ, ಅದಕ್ಕೆ ಸೂಲಗಿತ್ತಿ ಇದ್ದಾಳೆ. ಡೂಲಾ ಕೈ ಹಿಡಿಯಬೇಕು, ಧೈರ್ಯ ಹೇಳಬೇಕು, ನಡುವೆ ಬಿಟ್ಟು ಹೋಗಬಾರದು. ಇಷ್ಟನ್ನು ಕಲಿಸಲು ಸಮಿತಿಯೊಂದು ರಚನೆಯಾಯಿತು. ನಾನು ಅದರ ಕಾರ್ಯದರ್ಶಿ. ಅಧ್ಯಕ್ಷೆ ಜಾಂಗಿಲ್ ಒಸ್ಮೊನೊವ್ನಾ, ಅದಕ್ಕೆ ಮುಂಚೆ ಕುರಿರೋಗ ನಿವಾರಣಾ ಸಮಿತಿಯಲ್ಲಿದ್ದವರು. ಒಂಬತ್ತು ಹೆಂಗಸರು ತರಬೇತಿಗೆ ಸೇರಿದರು.

ಅಭ್ಯಾಸಕ್ಕೆ ಗರ್ಭಿಣಿ ಬೇಕಿತ್ತು. ದಿನ ತುಂಬದ ಹೊಟ್ಟೆಯನ್ನು ಹತ್ತು ಜನರ ಕಣ್ಣಿಗೆ ಒಡ್ಡುವ ಹೆಂಗಸು ನಮ್ಮ ಕಡೆ ಇಲ್ಲ, ದೃಷ್ಟಿ ತಾಗುತ್ತದೆ. ಆಗ ಆಂಬುಲೆನ್ಸ್ ಚಾಲಕ ತೊಲೊಮುಶ್ ಅವರ ಮೇಲೆ ಸಮಿತಿಯ ಕಣ್ಣು ಬಿತ್ತು. ಆಂಬುಲೆನ್ಸಿನ ಟೈರು ಹೋಗಿ ಚಳಿಗಾಲವೇ ಕಳೆದಿತ್ತು, ಮನುಷ್ಯ ಖಾಲಿ ಕೂತಿದ್ದರು. ಹೊಟ್ಟೆ ಮೊದಲೇ ಇತ್ತು.

"ಮೇಡಂ, ನಂಗೆ ಮೀಸೆ ಇದೆಯಲ್ಲ" ಎಂದರು ಅವರು.

"ನಿಯಮದಲ್ಲಿ ಮೀಸೆ ವಿಚಾರ ಏನೂ ಇಲ್ಲ, ಮಲಕ್ಕೊಳ್ಳಿ" ಎಂದರು ಜಾಂಗಿಲ್ ಒಸ್ಮೊನೊವ್ನಾ.

ಹೀಗೆ ತೊಲೊಮುಶ್ ಅವರು ಆಸ್ಪತ್ರೆಯ ದಾಖಲೆಯಲ್ಲಿ ಗರ್ಭಿಣಿಯಾದರು. ವಾರಕ್ಕೊಮ್ಮೆ ಹೆರುತ್ತಿದ್ದರು. ಹುಟ್ಟುತ್ತಿದ್ದುದು ದಿಂಬು. ಕೆಲಸ ಅಂದಮೇಲೆ ಮೈಗಳ್ಳತನ ಮಾಡುವ ಆಸಾಮಿಯಲ್ಲ. ಅವರ ಕೂಗಿಗೆ ಎದುರಿನ ಸಂತೆಯಲ್ಲಿ ಕುದುರೆಗಳು ಹಗ್ಗ ಕಿತ್ತುಕೊಳ್ಳುತ್ತಿದ್ದವು. ಹೆತ್ತ ಮೇಲೆ ಬಾಣಂತಿಯ ಕುರಿ ಸಾರನ್ನೂ ಒಂದು ತೊಟ್ಟು ಬಿಡದೆ ಕುಡಿಯುತ್ತಿದ್ದರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದರಂತೆ, ನಿಮ್ಮ ಕಚೇರೀದು ಅದೇ ಕತೆ ಎಂದು ಅವರ ಹೆಂಡತಿ ನನ್ನನ್ನು ಬೀದಿಯಲ್ಲಿ ತಡೆದು ಬೈದಳು. ಎತ್ತಿನ ವಿಷಯ ಪಶುಪಾಲನಾ ಇಲಾಖೆಗೆ ಸೇರಿದ್ದೆಂದು ತಿಳಿಸಿದೆ.

ತೊಂದರೆಯಾದದ್ದು ಸುಯುಂಚುವಿನಿಂದ. ಶುಭವಾರ್ತೆಯನ್ನು ಮೊದಲು ತಂದವರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ, ಉಡುಗೊರೆ ಕೊಡಲೇಬೇಕು, ಅದೇ ಸುಯುಂಚು. ಎರಡನೆಯವಳಾಗಿ ಹೋದವಳಿಗೆ ಬರೀ ಚಹಾ. ಹಾಗಾಗಿ ದಿಂಬು ಇಣುಕಿದ್ದೇ ತಡ, ಒಂಬತ್ತು ಮಂದಿಯೂ ತೊಲೊಮುಶ್ ಅವರ ಕೈ ಕೊಡವಿ ಅವರ ಮನೆಯ ಕಡೆ ಓಟ. ಮುಂದಾಳು ಬುಬುಕಾನ್, ಐವತ್ತು ದಾಟಿದ ಭಾರಿ ಹೆಂಗಸು, ಮೊದಲ ವಾರವೇ ರೇಷ್ಮೆ ತಲೆವಸ್ತ್ರ ಗೆದ್ದಳು. ಒಂದು ದಿಂಬಿಗೆ ಎಷ್ಟು ಸಲ ಕೊಡಲಿ ಎಂದು ಆ ಹೆಂಡತಿ ಅತ್ತರೂ ಕೊಡದೆ ಇರಲಿಲ್ಲ, ಮರ್ಯಾದೆ ಪ್ರಶ್ನೆ. ಓಟದಲ್ಲಿ ಶಿಬಿರಾರ್ಥಿಗಳ ಪ್ರಗತಿ ಕಂಡು ಅಧ್ಯಕ್ಷೆ ಅದನ್ನೂ ಪಠ್ಯಕ್ಕೆ ಸೇರಿಸಿದರು: "ಶುಭವಾರ್ತಾ ರವಾನೆ, ಪ್ರಾಯೋಗಿಕ."

ಆ ದಿನಗಳಲ್ಲೇ ಬಾರ್ಚಿನ್ ಎಂಬ ಹುಡುಗಿ ಕಚೇರಿಗೆ ಬಂದಳು. ಚೊಚ್ಚಲು. ತಾಯಿ ಇಲ್ಲ, ಗಂಡ ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ. ಪಕ್ಕದ ಮನೆಯ ಅಜ್ಜಿಯನ್ನು ಒಳಗೆ ಬಿಡಿ ಎಂದಳು. ಅಜ್ಜಿಯ ಕೈಗೆ ಪ್ರಮಾಣಪತ್ರವಿಲ್ಲ, ನಿನಗೆ ಒಂಬತ್ತು ಡೂಲಾಗಳನ್ನು ಒದಗಿಸಲಾಗುವುದು ಎಂದೆ.

"ಒಂಬತ್ತು ಬೇಡಕ್ಕಾ," ಎಂದಳು. "ಮಗು ಅಳೋದು ಕೇಳೋವರೆಗೂ ಬಿಡದೇ ಇರೋ ಒಂದು ಕೈ ಸಾಕು. ನಂಗೆ ತುಂಬಾ ಭಯ ಆಗುತ್ತೆ."

ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸುವುದಕ್ಕೆ ಅರ್ಜಿ ನಮೂನೆಯಲ್ಲಿ ಜಾಗ ಇರಲಿಲ್ಲ.

ಅವಳಿಗೆ ನೋವು ಬಂದದ್ದು ಅಂತಿಮ ಪರೀಕ್ಷೆಯ ದಿನವೇ. ಕೋಣೆ ಒಂದೇ ಆದ್ದರಿಂದ ಪಕ್ಕಪಕ್ಕದಲ್ಲಿ ಎರಡು ಮಂಚ: ಒಂದರಲ್ಲಿ ಬಾರ್ಚಿನ್, ಇನ್ನೊಂದರಲ್ಲಿ ಏಳನೆಯ ಹೆರಿಗೆಗೆ ತೊಲೊಮುಶ್. ಡೂಲಾಗಳು ಬಾರ್ಚಿನ್‌ಳನ್ನು ಸುತ್ತುವರಿದು ಕೈ ಹಿಡಿದರು, ಹಣೆ ಒರೆಸಿದರು, ಎಲ್ಲ ಕ್ರಮಪ್ರಕಾರ. ಮಗುವಿನ ತಲೆ ಕಾಣುತ್ತಿದೆ ಎಂದು ಸೂಲಗಿತ್ತಿ ಬಾಯಿ ತಪ್ಪಿ ಅಂದುಬಿಟ್ಟಳು. ಅಷ್ಟೇ. ಸುಯುಂಚು ಕೊಡಬೇಕಾದ ಗಂಡನಿಗೆ ರಷ್ಯಾಕ್ಕೆ ಫೋನ್ ಮಾಡಬೇಕಾದರೆ ಸಿಗ್ನಲ್ ಸಿಗುವುದು ಹಿಂದಿನ ದಿಬ್ಬದ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಬುಬುಕಾನ್ ಬಾಗಿಲು ದಾಟಿದಳು, ಹಿಂದೆಯೇ ಎಂಟು ಮಂದಿ. ಪರೀಕ್ಷೆಯ ಅಂಕ ಹಾಕಲು ಅಧ್ಯಕ್ಷೆಯೂ ಗಡಿಯಾರ ಹಿಡಿದು ಓಡಿದರು, ನಾನೂ ಹೋಗಬೇಕಾಯಿತು.

ಮುಂದಿನದು ಸೂಲಗಿತ್ತಿಯ ಹೇಳಿಕೆಯಲ್ಲಿದೆ. ಬಾರ್ಚಿನ್‌ಳ ಕೈ ಗಾಳಿಯಲ್ಲಿ ತಡಕಾಡಿತು. ತೊಲೊಮುಶ್ ತಾವು ಹೆರುವುದನ್ನು ಅಲ್ಲಿಗೇ ನಿಲ್ಲಿಸಿ, ಮಂಚದಿಂದ ಬಾಗಿ ಆ ಕೈ ಹಿಡಿದರು.

"ಹೆದರಬೇಡ ತಾಯೀ," ಎಂದರು. "ನಂದು ಇದು ಏಳನೇದು. ಇನ್ನೊಂದು ಸಲ ಮುಕ್ಕಿದ್ರೆ ಮುಗೀತು. ನಾನೆಲ್ಲೂ ಹೋಗಲ್ಲ, ಡಿಸ್ಚಾರ್ಜ್ ಆಗೋವರೆಗೂ ನನ್ನ ಬಿಡೋದಿಲ್ಲ ಇವರು."

ಬಾರ್ಚಿನ್ ನೋವಿನಲ್ಲೂ ನಕ್ಕಳಂತೆ. ಮಗು ಅತ್ತಿತು. ಸೂಲಗಿತ್ತಿಗೆ ಕೈ ಸಾಲದೆ ಹೊಕ್ಕುಳಬಳ್ಳಿ ಕತ್ತರಿಸಲು ಕತ್ತರಿಯನ್ನು ಅವರಿಗೇ ಕೊಟ್ಟಳು. ಬಿಡುವಾಗಿದ್ದ ಕೈಯಲ್ಲಿ ಕತ್ತರಿಸಿದರು. ಇನ್ನೊಂದನ್ನು ಬಾರ್ಚಿನ್ ಬಿಟ್ಟಿರಲಿಲ್ಲ.

ಅತ್ತ ದಿಬ್ಬದ ಮೇಲೆ, ಗಂಡೋ ಹೆಣ್ಣೋ ನೋಡದೆ ಹೋಗಿದ್ದ ಒಂಬತ್ತು ಮಂದಿ ಆ ಗಂಡನಿಗೆ ಐದು ಗಂಡು, ನಾಲ್ಕು ಹೆಣ್ಣು ಹುಟ್ಟಿದ ಸುದ್ದಿ ಕೊಟ್ಟರು. ಅವನು ಕಟ್ಟಡದ ಸಾರುವೆಯ ಮೇಲೇ ಕೂತುಬಿಟ್ಟನಂತೆ.

ಎಲ್ಲರೂ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದರು. ತನಿಖೆ ನಡೆದದ್ದು ತೊಲೊಮುಶ್ ಅವರ ಮೇಲೆ, ಪ್ರಮಾಣಪತ್ರವಿಲ್ಲದೆ ಕೈ ಹಿಡಿದದ್ದಕ್ಕೆ. ಬಾಣಂತಿ ಬಾಣಂತಿಯ ಕೈ ಹಿಡಿದರೆ ಅದು ನೆರೆಹೊರೆಯ ಪ್ರೀತಿ, ಸೇವೆಯಲ್ಲ ಎಂದು ತೀರ್ಮಾನಿಸಿ ಕೈಬಿಡಲಾಯಿತು. ಏಳು ಹೆತ್ತ ತಾಯಂದಿರಿಗೆ ಸರ್ಕಾರ ಕೊಡುವ ಪದಕವೂ ದಾಖಲೆಯ ಪ್ರಕಾರ ಅವರಿಗೆ ಬಂತು. ಟೈರು ಬಂದಿದೆ, ಆದರೆ ಚಾಲಕರು ಬಾಣಂತಿ ರಜೆಯಲ್ಲಿರುವುದರಿಂದ ಆಂಬುಲೆನ್ಸ್ ನಿಂತಲ್ಲೇ ಇದೆ.

ಹೊಕ್ಕುಳಬಳ್ಳಿ ಕತ್ತರಿಸಿದವಳು ಮಗುವಿಗೆ ಹೊಕ್ಕುಳ ತಾಯಿ, ಅದು ನಮ್ಮ ಹಿರಿಯರ ಕಾಲದಿಂದ ಬಂದದ್ದು. ಬಾರ್ಚಿನ್ ತೊಲೊಮುಶ್ ಅವರ ಹೆಸರನ್ನೇ ಬರೆಸಿದಳು. ದಾಖಲೆ ನೋಡಿದರೆ ಜಿಲ್ಲೆಯಲ್ಲಿ ಅವರಷ್ಟು ಅನುಭವಿ ತಾಯಿ ಬೇರೆ ಇಲ್ಲ, ಆಕ್ಷೇಪಣೆಗೆ ಆಧಾರ ಸಿಗಲಿಲ್ಲ. ಗಂಡ ಊರಿಗೆ ಬಂದವನು ಹೊಕ್ಕುಳ ತಾಯಿಗೆ ಕೊಡುವ ಹೂವಿನ ನಿಲುವಂಗಿ ತಂದ. ಅಳತೆ ಸರಿಹೋಯಿತು.

ಈಗ ಯಾವ ಹೆರಿಗೆಗೂ ಎರಡು ಮಂಚ ಹಾಕುತ್ತೇವೆ. ಡೂಲಾಗಳು ಓಡುತ್ತಾರೆ, ತೊಲೊಮುಶ್ ಉಳಿಯುತ್ತಾರೆ. ಬಾರ್ಚಿನ್‌ಳ ಮಗಳು ಅವರನ್ನು ಸಂತೆಯಲ್ಲಿ ಅಮ್ಮಾ ಎಂದು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಮೊನ್ನೆ ರಾಜಧಾನಿಯಿಂದ ಬಂದ ತಪಾಸಣಾಧಿಕಾರಿಯೊಬ್ಬರು ಮಾತ್ರ ನಕ್ಕುಬಿಟ್ಟರು. ನಗು ಯಾಕೆ ಬಂತೆಂದು ಲಿಖಿತ ವಿವರಣೆ ಕೇಳಿದ್ದೇವೆ. ವಿವರಣೆ ಇನ್ನೂ ಬಂದಿಲ್ಲ. ತಮ್ಮ ಸೊಸೆಗೆ ದಿನ ತುಂಬಿದೆ, ಹೆದರಿಕೊಂಡಿದ್ದಾಳೆ, ತೊಲೊಮುಶ್ ಸಿಗುತ್ತಾರಾ ಎಂದು ಕೇಳಿ ನಿನ್ನೆ ಆ ಅಧಿಕಾರಿಯೇ ಫೋನ್ ಮಾಡಿದ್ದರು.