ಕುಶನ್ ಹೊಲಿದವರಿಗೆ ಸೀಟಿಲ್ಲ

ಅಂದು ಬೆಳಗ್ಗೆಯಿಂದ ಸೋಫಾರಾಯರು ಮೊಳೆ ಹೊಡೆಯುತ್ತಿದ್ದ ಪರಿ ನೋಡಿದ್ದರೆ ಯಾರಿಗಾದರೂ ಆ ಕುರ್ಚಿಯ ಮೇಲೆ ಕನಿಕರ ಹುಟ್ಟುತ್ತಿತ್ತು. ಒಂದೊಂದು ಮೊಳೆಗೂ ಒಂದೊಂದು ಬೈಗುಳ. "ಇದು ಅಧ್ಯಕ್ಷನಿಗೆ! ಇದು ಅವನ ಬಾಮೈದನಿಗೆ! ಇದು ಆ ಬಾಮೈದನ ಬಾಮೈದನಿಗೆ!" (ಊರಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರಿಗೆ ಬಾಮೈದರ ಸಂತತಿ ವಿಪುಲವಾಗಿತ್ತು. ಅದಕ್ಕೆ ಸಾಲುವಷ್ಟು ಮೊಳೆಗಳು ರಾಯರ ಡಬ್ಬಿಯಲ್ಲಿದ್ದವು.)

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಫೋಮ್ ತುಂಬಿ ರೆಕ್ಸಿನ್ ಹೊದಿಸುವುದು ರಾಯರ ಕಸುಬು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಬೀದಿಯವರು ಸೋಫಾರಾಯರು ಅಂದರು, ಅದೇ ನಿಂತಿತು. ಅವರಿಗೆ ಇನ್ನೊಂದು ಕಸುಬೂ ಇತ್ತು, ಬಿಡಿಗಾಸು ಹುಟ್ಟದ್ದು: ಊರಿನ ಫುಟ್‌ಬಾಲ್ ತಂಡಕ್ಕಾಗಿ ಗಂಟಲು ಹರಿದುಕೊಳ್ಳುವುದು. ಕೆಂಪಂಗಿ ತಂಡ ಅಂದರೆ ಸಾಮಾನ್ಯವೇ? ಸೋಲುವುದರಲ್ಲಿ ಅದಕ್ಕಿದ್ದ ಶ್ರದ್ಧೆ ಬೇರೆ ತಂಡಗಳಿಗೆ ಗೆಲ್ಲುವುದರಲ್ಲೂ ಇರಲಿಲ್ಲ. ಮಳೆಯಲ್ಲಿ ನೆಂದು, ಬಿಸಿಲಲ್ಲಿ ಒಣಗಿ, ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ರಾಯರು ಸವೆಸಿದ ಪ್ಯಾಂಟುಗಳಿಂದ ಅವರ ಹೆಂಡತಿ ಮನೆಗೆಲ್ಲ ಕಾಲೊರಸು ಮಾಡಿ ಹಾಕಿದ್ದಳು. ಅಂಥ ತಂಡ ಈ ಸಲ ಹೇಗೋ ಏನೋ ಫೈನಲ್ಲಿಗೆ ಬಂದುಬಿಟ್ಟಿತ್ತು, ಅದೂ ಸ್ವಂತ ಮೈದಾನದಲ್ಲಿ. ಸಾಯುವುದರೊಳಗೆ ಒಂದು ಸಲವಾದರೂ ನಮ್ಮವರು ಗೆಲ್ಲುವುದನ್ನು ಕಣ್ಣಾರೆ ನೋಡಬೇಕು ಅನ್ನುವುದೊಂದೇ ರಾಯರ ಆಸೆ.

ಆದರೆ ಟಿಕೆಟ್? ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಜಾಹೀರಾತು ಕೊಟ್ಟ ಕಂಪನಿಗಳಿಗೆ ಒಂದು ಪಾಲು, ಗಣ್ಯರಿಗೆ ಒಂದು ಪಾಲು, ಗಣ್ಯರ ಗುಣಗಾನ ಮಾಡುವವರಿಗೆ ಒಂದು ಪಾಲು, ಬಾಮೈದರಿಗೆ ಮಿಕ್ಕಿದ್ದೆಲ್ಲ. ಇವರೆಲ್ಲ ಉಂಡು ಬಿಟ್ಟ ಎಂಜಲು ಮೊಬೈಲಿನಲ್ಲಿ ಮಾರಾಟಕ್ಕೆ ಬಂತು. ರಾಯರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು (ಫೋನಿಗೆ ಅದು ಕಾಣುವುದಿಲ್ಲ ಎಂದು ಹೆಂಡತಿ ಹೇಳಿದರೂ ಕೇಳದೆ) ಕೂತರು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ನಿಂತಾಗ ಬಂದ ಅಕ್ಷರ: "ಟಿಕೆಟ್ ಮುಗಿದಿದೆ. ನಿಮ್ಮ ಉತ್ಸಾಹಕ್ಕೆ ಧನ್ಯವಾದ."

"ಉತ್ಸಾಹವಂತೆ! ಇವರ ಮನೆ ಹಾಳಾಗ! ಸೋತಾಗ ಚಪ್ಪಾಳೆ ತಟ್ಟೋಕೆ ನಾವು ಬೇಕು, ಗೆಲ್ಲೋ ಹೊತ್ತಿಗೆ ಇವರ ಬಾಮೈದರು ಬೇಕು!" ಎಂದು ರಾಯರು ಕೂಗಿದ ರಭಸಕ್ಕೆ ಮೇಲಿನ ಮನೆಯ ಬಸ್ ಡ್ರೈವರ್ ಕೆಳಗೆ ಓಡಿ ಬಂದ. ಅವನೂ ಕೆಂಪಂಗಿಯ ಭಕ್ತನೇ, ಅವನಿಗೂ ಅದೇ ಚಕ್ರ ತಿರುಗಿತ್ತು. ಇಬ್ಬರೂ ಕೂಡಿ ಬೈದರು. ಹಾಗೆ ಬೈಯುವುದರಿಂದ ಏನೂ ಪ್ರಯೋಜನವಿಲ್ಲ, ಆದರೆ ಊಟ ಸ್ವಲ್ಪ ಸೇರುತ್ತದೆ.

ಸೇರಿದ ಊಟವೂ ಅರಗದಂತೆ ಮಾಡಿದ್ದು ಮರುದಿನ ಅಂಗಡಿಗೆ ಬಂದ ಕ್ಲಬ್ಬಿನ ಮ್ಯಾನೇಜರ್. ಗಣ್ಯರ ಗ್ಯಾಲರಿಯ ಕುರ್ಚಿಗಳಿಗೆ ಹೊಸ ಕುಶನ್ ಆಗಬೇಕಂತೆ.

"ಸ್ವಲ್ಪ ಮೆತ್ತಗಿರಲಿ ರಾಯರೇ. ಬರೋರು ದೊಡ್ಡ ಮನುಷ್ಯರು, ಅವರಿಗೆ ಅಷ್ಟು ಹೊತ್ತು ಮ್ಯಾಚ್ ನೋಡಿ ಅಭ್ಯಾಸ ಇಲ್ಲ."

ರಾಯರ ಮೈಯೆಲ್ಲ ಉರಿದುಹೋಯಿತು. ಮ್ಯಾಚ್ ನೋಡಿ ಅಭ್ಯಾಸವೇ ಇಲ್ಲದ ಆ ಘನ ಪೃಷ್ಠಗಳಿಗೆ ಎರಡು ಪದರ ಫೋಮು, ಅಭ್ಯಾಸದಿಂದಲೇ ಸವೆದವರಿಗೆ ಬಾಗಿಲಾಚೆ ಜಾಗ! ಆದರೂ ಕೆಲಸ ಒಪ್ಪಿಕೊಂಡರು. ಮೊದಲು ಹೇಳಿದ ಮೊಳೆಗಳು ಆ ಕುರ್ಚಿಗಳಿಗೇ ಬಿದ್ದವು. ಕೆಲಸ ಮುಗಿದ ದಿನ ರಾಯರು ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಬಾಗಿಲಿಗೆ ಒಂದು ಸ್ಟೂಲ್ ಹಾಕಿಕೊಂಡು ಕೂತರು.

"ನಿಷ್ಠಾವಂತ ಅಭಿಮಾನಿಗಳಿಗೆ ಟಿಕೆಟ್ ಕೊಡೋವರೆಗೂ ಒಂದು ಕುಶನ್ನೂ ಆಚೆ ಬರಲ್ಲ. ನಿಮ್ಮ ದೊಡ್ಡ ಮನುಷ್ಯರು ಬರೀ ಹಲಗೆ ಮೇಲೆ ಕೂರಲಿ. ಸಿಮೆಂಟು ಹೇಗಿರುತ್ತೆ ಅಂತ ಸ್ವಲ್ಪ ಗೊತ್ತಾಗ್ಲಿ!"

ಡ್ರೈವರ್ ಬಂದು ಪಕ್ಕದಲ್ಲಿ ಕೂತ. ಬೀದಿಯ ಕೆಂಪಂಗಿಗಳೆಲ್ಲ ಬಂದು ಕೂತವು. ಕ್ಲಬ್ಬಿನವರು ಮೊದಲು ಗದರಿದರು, ಆಮೇಲೆ ನಕ್ಕರು, ಆಮೇಲೆ ಬೇರೆ ಕುಶನ್ ಅಂಗಡಿ ಹುಡುಕಿದರು. ಇಷ್ಟು ಬೇಗ ಹೊಲಿದುಕೊಡಲು ಯಾರೂ ಒಪ್ಪದೆ ಹೋದಾಗ ದಾರಿಗೆ ಬಂದರು. ಕೆಲವು ಟಿಕೆಟ್ಟುಗಳನ್ನು ನಿಷ್ಠಾವಂತರಿಗಾಗಿ ತೆಗೆದಿಡುತ್ತಾರಂತೆ. ಆದರೆ ಬಾಯಲ್ಲಿ ಯಾರು ಬೇಕಾದರೂ ನಿಷ್ಠೆ ಎನ್ನಬಹುದಲ್ಲ? ಅದಕ್ಕೇ ಒಂದು ಸಮಿತಿ: ಅಧ್ಯಕ್ಷರು, ನಿವೃತ್ತ ಗೋಲ್‌ಕೀಪರ್ ಒಬ್ಬರು, ಅಭಿಮಾನಿಗಳ ಪರವಾಗಿ ನಮ್ಮ ಡ್ರೈವರ್. ಅರ್ಜಿದಾರ ತನ್ನ ಮನೆಯವರನ್ನೊಬ್ಬರನ್ನು ಕರೆತಂದು ಸಾಕ್ಷಿ ಹೇಳಿಸಬೇಕು.

ರಾಯರು ಮೀಸೆ ತಿರುವುತ್ತ ಶಟರ್ ತೆಗೆದರು. ಮನೆಗೆ ಬಂದು ಹೆಂಡತಿಯ ಎದುರು ಕೂತರು. ಅವಳಿಗೆ ಫುಟ್‌ಬಾಲ್ ಅಂದರೆ ಸವತಿಯನ್ನು ಕಂಡಂತೆ.

"ನೋಡೇ, ನೀನು ನಾಳೆ ಬಂದು ನನ್ನ ನಿಷ್ಠೆ ಬಗ್ಗೆ ನಾಲ್ಕು ಮಾತು ಹೇಳ್ಬೇಕು."

"ನಿಮ್ಮ ನಿಷ್ಠೆ? ಯಾರ ಮೇಲಿಂದು?"

"ತಂಡದ ಮೇಲಿಂದು ಕಣೇ!"

"ಹಾಗನ್ನಿ. ನಂಗೊಂದು ಕ್ಷಣ ಆಶ್ಚರ್ಯ ಆಯ್ತು. ಸರಿ, ನಿಜ ಹೇಳ್ಲೋ, ನೀವು ಹೇಳ್ಕೊಟ್ಟಿದ್ದು ಹೇಳ್ಲೋ?"

"ನಿಜಾನೇ ಹೇಳು. ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀಯಲ್ಲ, ಎಲ್ಲಾ ಹೇಳು. ಏನೂ ಬಿಡ್ಬೇಡ."

ಗಂಡನಾದವನು ಹೆಂಡತಿಗೆ ಹೇಳಬಾರದ ಮಾತು ಒಂದಿದ್ದರೆ ಅದು ಇದೇ. (ಓದುಗರಲ್ಲಿ ಮದುವೆಯಾದವರಿಗೆ ವಿವರಿಸಬೇಕಾಗಿಲ್ಲ. ಆಗದವರಿಗೆ ವಿವರಿಸಿ ಫಲವಿಲ್ಲ.)

ಮರುದಿನ ಸಮಿತಿಯ ಮುಂದೆ ಆಕೆ ಸೆರಗು ಸರಿಮಾಡಿಕೊಂಡು ನಿಂತಳು. ಶುರುವಿನಲ್ಲಿ ಸಣ್ಣ ದನಿ.

"ಏನಂತ ಹೇಳ್ಲಿ ಸಾರ್. ನಮ್ಮ ಮಗಳು ಹುಟ್ಟಿದ ದಿನ ಇವರು ಆಸ್ಪತ್ರೆಗೇ ಬರ್ಲಿಲ್ಲ. ಮಾರನೇ ದಿನ ಕೆಸರು ಬೂಟ್ ಹಾಕ್ಕೊಂಡು ಬಂದ್ರು. ನರ್ಸಮ್ಮ 'ಮೂರು ಕೆ.ಜಿ. ಇದೆ, ಸಂತೋಷಪಡಿ' ಅಂದ್ರೆ, ಇವರು 'ಅವರದ್ದು ಮೂರು, ನಮ್ಮದು ಸೊನ್ನೆ' ಅಂತ ಅಳ್ತಾ ಕೂತ್ರು."

"ಭೇಷ್!" ಎಂದರು ಗೋಲ್‌ಕೀಪರು, ಕಣ್ಣೊರೆಸಿಕೊಳ್ಳುತ್ತ. ಆ ಮೂರು ಗೋಲನ್ನೂ ಬಿಟ್ಟವರು ಅವರೇ.

ರಾಯರ ಎದೆ ಉಬ್ಬಿತು. ಹೆಂಡತಿಯ ದನಿಯೂ ಏರಿತು. ಮನೆಯ ಗೋಡೆಗೆ ಹಾಲಿನ ಬಣ್ಣ ಬೇಕೆಂದರೆ ಕೆಂಪು ಬಳಿಸಿದ್ದು, ಅತ್ತೆಯ ಕಣ್ಣಿನ ಆಪರೇಷನ್ನಿನ ದಿನ ಮುದುಕಿಯನ್ನು ಆಟೋದಲ್ಲಿ ಒಬ್ಬಳನ್ನೇ ಕಳಿಸಿದ್ದು, ಸೋತ ರಾತ್ರಿಗಳಲ್ಲಿ ನಿದ್ದೆಗಣ್ಣಿನಲ್ಲಿ ಎದ್ದು ಅವಳ ದಿಂಬನ್ನು ಒದ್ದದ್ದು, ಒಂದನ್ನೂ ಬಿಡಲಿಲ್ಲ. ಅವಳು ಬೈದಷ್ಟೂ ರಾಯರ ನಿಷ್ಠೆ ಪುಟವಿಟ್ಟ ಚಿನ್ನದಂತೆ ಹೊಳೆಯಿತು. ಅಧ್ಯಕ್ಷರು ಕೂಡ "ಇನ್ನೇನು ಬೇಕು?" ಎಂದು ಟಿಕೆಟ್ಟಿಗೆ ಕೈಹಾಕಿದರು. ಅಷ್ಟರಲ್ಲಿ ಗೋಲ್‌ಕೀಪರು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು:

"ಇಷ್ಟೆಲ್ಲ ಕಷ್ಟಪಟ್ಟಿದ್ದೀರಿ. ತಂಡ ಗೆದ್ದು ಬಂದ ದಿನ ಮನೇಲಿ ಹೇಗಿರ್ತಿದ್ರು ತಾಯಿ?"

"ಗೆದ್ದು ಬಂದ ದಿನಾನಾ? ಗೆದ್ದ ದಿನ ಇವರು ಹೋಗಿದ್ರೆ ತಾನೇ ಸಾರ್ ಬರೋದು!" ಎಂದಳು ಆಕೆ. "ನನ್ನ ತಮ್ಮನ ಮದುವೆಗೆ ಎಳ್ಕೊಂಡು ಹೋಗಿದ್ದೆ, ಅವತ್ತು ಗೆದ್ರು. ಹಲ್ಲು ಕೀಳಿಸೋಕೆ ಕರ್ಕೊಂಡು ಹೋದೆ, ಅವತ್ತೂ ಗೆದ್ರು. ಮೊನ್ನೆ ಸೆಮಿಫೈನಲ್ ದಿನ ನೀರಿನ ಟ್ಯಾಂಕ್ ತೊಳೆಯೋಕೆ ಇಳಿಸಿ ಏಣಿ ತೆಗೆದಿಟ್ಟಿದ್ದೆ. ಒಳಗಿಂದ್ಲೇ ಬೈತಿದ್ರು. ಆಗಲೂ ಗೆದ್ರು."

ಡ್ರೈವರ್ ರಾಯರನ್ನು ಹೊಸದಾಗಿ ನೋಡಿದಂತೆ ನೋಡಿದ.

"ಅಣ್ಣಾ, ನೀವು ಗ್ರೌಂಡಿಗೆ ಬಂದು ನಾವು ಗೆದ್ದಿದ್ದು ಒಂದೇ ಒಂದು ಮ್ಯಾಚ್ ಹೇಳಿ."

ರಾಯರು ಯೋಚಿಸಿದರು. ಹಣೆ ಉಜ್ಜಿಕೊಂಡರು. "ಆ ವರ್ಷ... ಉಹುಂ, ಅದು ಮಳೆ ಬಂದು ನಿಂತುಹೋಯ್ತು."

"ನಿಮ್ಗೆ ಕೈ ಮುಗೀತೀನಿ ಅಣ್ಣಾ, ಬರಬೇಡಿ!"

"ಲೋ! ನೀನೂನಾ? ನನ್ನ ಸ್ಟೂಲ್ ಪಕ್ಕದಲ್ಲಿ ಕೂತು ಘೋಷಣೆ ಕೂಗಿದೋನು ನೀನು! ಇದೆಲ್ಲ ಕಾಕತಾಳೀಯ ಕಣೋ! ಇವರು ಸೋತಿದ್ದು ಆಡೋಕೆ ಬರದೆ, ನಾನು ನೋಡಿದ್ದಕ್ಕಲ್ಲ!"

ಯಾರೂ ಕೇಳಲಿಲ್ಲ. ಅಧ್ಯಕ್ಷರಿಗಂತೂ ತಡೆಯಲಾರದಷ್ಟು ಸಂತೋಷ. ಸಮಿತಿ ಒಮ್ಮತದಿಂದ ತೀರ್ಮಾನಿಸಿತು: ತಂಡದ ಗೆಲುವುಗಳೆಲ್ಲ, ರಾಯರನ್ನು ಮನೆಯಲ್ಲಿ ಹಿಡಿದಿಟ್ಟ ಈ ಮಹಾತಾಯಿಯ ಪುಣ್ಯ. ಆದುದರಿಂದ ಟಿಕೆಟ್ಟು ಅವಳಿಗೆ, ಅವಳ ಹೆಸರಿಗೆ, ಬೇರೆಯವರಿಗೆ ಕೊಡುವಂತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇಲ್ಲಿ ತುತ್ತು ಪಕ್ಕದ ಬಾಯಿಗೇ ಹೋಯಿತು.

ಮನೆಯಲ್ಲಿ ರಾಯರು ತಟ್ಟೆ ನೂಕಿದರು.

"ಏಣಿ ವಿಷಯ ಯಾಕೆ ಹೇಳಿದೆ?"

"ಏನೂ ಬಿಡ್ಬೇಡ ಅಂದ್ರಲ್ಲ! ನಂಗೇನು ಆ ಟಿಕೆಟ್ ಬೇಕಾಗಿತ್ತಾ? ಬಿಸಿಲಲ್ಲಿ ಕೂತು ಇಪ್ಪತ್ತೆರಡು ಜನ ಒಂದು ಚೆಂಡಿಗೆ ಹೊಡೆದಾಡೋದು ನೋಡೋ ಕರ್ಮ ನಂಗ್ಯಾಕೆ? ನಾಳೇನೇ ವಾಪಸ್ ಕೊಟ್ಟು ಬರ್ತೀನಿ."

ರಾಯರು ದಿಗ್ಗನೆ ಎದ್ದರು. "ವಾಪಸ್ಸಾ? ಕೊಟ್ರೆ ಅದು ಯಾರಿಗೆ ಹೋಗುತ್ತೆ ಗೊತ್ತಾ? ಆ ಬಾಮೈದನಿಗೆ! ನನ್ನ ಹೆಣ ಬಿದ್ರೂ ಆಗಲ್ಲ. ಹೋಗು! ನೀನೇ ಹೋಗು!" ಎಂದವರ ಕಣ್ಣಲ್ಲಿ ನೀರು ಬಂತು. ಅದು ಸಿಟ್ಟಿನ ನೀರು ಎಂದು ಅವರು ಆಮೇಲೆ ಸಾಧಿಸಿದರು.

ಫೈನಲ್ಲಿನ ದಿನ, ಸಮಿತಿಯ ಪಾಲಿನ ಟಿಕೆಟ್ ಸಿಕ್ಕಿದ್ದ ಡ್ರೈವರ್ ಬಂದು ಟಿ.ವಿ.ಯ ವೈರ್ ಬಿಚ್ಚಿಕೊಂಡು ಹೋದ, ರಾಯರ ಫೋನನ್ನೂ ಜೇಬಿಗೆ ಹಾಕಿಕೊಂಡ. "ತಂಡಕ್ಕೋಸ್ಕರ ಅಣ್ಣಾ" ಎಂದ. ತಂಡಕ್ಕೋಸ್ಕರ ಎಂದರೆ ರಾಯರು ಪ್ರಾಣ ಬೇಕಾದರೂ ಕೊಡುವವರು. ಹೆಂಡತಿ ಅವರದೇ ಕೆಂಪು ಟೋಪಿ ಹಾಕಿಕೊಂಡು, ಮಗಳಿಗೆ "ಅಪ್ಪ ಕಿಟಕಿ ಹತ್ರ ಹೋಗದ ಹಾಗೆ ನೋಡ್ಕೋ" ಎಂದು ಹೇಳಿ ಹೊರಟಳು. ರಾಯರು ಅಡಿಗೆಮನೆಯಲ್ಲಿ ಕೂತು ಬಟಾಣಿ ಸುಲಿದರು. ಕೋಪಕ್ಕೆ ಸಿಪ್ಪೆ ಪಾತ್ರೆಗೂ ಕಾಳು ಕಸದ ಬುಟ್ಟಿಗೂ ಬಿದ್ದವು. ಸಂಜೆ ಇಡೀ ಬೀದಿ ಒಮ್ಮೆಲೇ ಹೋ ಎಂದು ಅರಚಿತು. ಯಾರು ಹೊಡೆದರು? ನಮ್ಮವರೋ, ಅವರೋ? ಕೇಳೋಣವೆಂದು ಬಾಗಿಲಿಗೆ ಬಂದರೆ ಮಗಳು ಅಡ್ಡ ನಿಂತಳು. "ಅಪ್ಪಾ, ಒಳಗೆ!"

ಕತ್ತಲಾಗುತ್ತಿದ್ದಂತೆ ಮೆರವಣಿಗೆಯೇ ಮನೆಗೆ ಬಂತು. ಮುಂದೆ ಡ್ರೈವರ್, ನಡುವೆ ಹೆಂಡತಿ, ಹಿಂದೆ ಬೀದಿಯ ಕೆಂಪಂಗಿಗಳು. ಗೆದ್ದಿದ್ದರು! ಒಂದು ಗೋಲಿನಿಂದ, ಕೊನೆಗಳಿಗೆಯಲ್ಲಿ. ರಾಯರು ಎಲ್ಲ ಸಿಟ್ಟು ಮರೆತು ಡ್ರೈವರನನ್ನು ತಬ್ಬಿಕೊಂಡರು. ಹೆಂಡತಿಯ ಗಂಟಲು ಬಿದ್ದುಹೋಗಿತ್ತು, ಮುಖ ಕೆಂಪೇರಿತ್ತು.

"ಏನ್ರೀ ಅನ್ಯಾಯ ಅದು!" ಎಂದು ಗೊಗ್ಗರು ದನಿಯಲ್ಲೇ ಶುರುಮಾಡಿದಳು. "ನೀವು ಬೆನ್ನು ಮುರ್ಕೊಂಡು ಹೊಲಿದ ಕುಶನ್ನು, ಸಾಲು ಸಾಲು ಖಾಲಿ! ಒಂದು ನರಪಿಳ್ಳೆ ಇಲ್ಲ! ದೊಡ್ಡ ಮನುಷ್ಯರೆಲ್ಲ ಹಿಂದೆ ಎ.ಸಿ. ರೂಮಲ್ಲಿ ತಿಂತಾ ಕೂತಿದ್ರು. ಆಚೆ ನೋಡಿದ್ರೆ ಕೆಂಪಂಗಿ ಹಾಕ್ಕೊಂಡ ಜನ ಗೇಟ್ ಕಂಬಿ ಹಿಡ್ಕೊಂಡು ಅಳ್ತಾ ನಿಂತವ್ರೆ. ನಂಗೆ ಹೊಟ್ಟೆ ಉರಿದುಹೋಯ್ತು. ಮಾಡಿಟ್ಟ ಅಡಿಗೆ ಚೆಲ್ತಾರಾ ಯಾರಾದ್ರೂ, ಬಾಗಿಲಲ್ಲಿ ಹಸಿದೋರು ನಿಂತಿರೋವಾಗ?"

"ಅತ್ತಿಗೆ ಗೇಟಿನವನ ಜನ್ಮ ಜಾಲಾಡಿಬಿಟ್ರು ಅಣ್ಣಾ," ಎಂದ ಡ್ರೈವರ್. "ಅಧ್ಯಕ್ಷರೇ ಓಡಿ ಬಂದ್ರು. ಅವರಿಗೂ ಬಿತ್ತು. ಕೊನೆಗೆ ಗೇಟ್ ತೆಗೆಸಿ, ಆಚೆ ಇದ್ದೋರನ್ನೆಲ್ಲ ಕರ್ಕೊಂಡು ಬಂದು ಕುಶನ್ ಮೇಲೆ ಕೂರಿಸಿದ್ರು!"

ಬೀದಿಯವರು ಜೈ ಎಂದರು. ರಾಯರು ಹೆಮ್ಮೆಯಿಂದ ಬೀಗಿದರು. ಇಷ್ಟು ವರ್ಷದ ದಾಂಪತ್ಯದಲ್ಲಿ ಇವಳು ಬೈದಾಗ ಮೊದಲ ಸಲ ಸುಖವೆನಿಸಿತು. ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಅದಿರ್ಲಿ ಕಣೇ. ಗೋಲ್ ಹೇಗಿತ್ತು? ನಿಧಾನವಾಗಿ ಹೇಳು. ಎಡಗಡೆಯಿಂದ ಬಂತೋ, ಬಲಗಡೆಯಿಂದಲೋ? ತಲೇಲಿ ಹೊಡೆದ್ನಾ, ಕಾಲಲ್ಲಾ?"

"ಗೋಲಾ?" ಹೆಂಡತಿ ಪೆಚ್ಚಾದಳು. "ಅಯ್ಯೋ, ನಾನು ಗ್ರೌಂಡಿಗೆ ಬೆನ್ನು ತಿರುಗಿಸಿ ಅಧ್ಯಕ್ಷನ ಹತ್ರ ಜಗಳಕ್ಕೆ ನಿಂತಿದ್ದೆ ಕಣ್ರೀ. ಹಿಂದೆ ಏನೋ ಹೋ ಅಂದ್ರು. ನೋಡ್ಲಿಲ್ಲ."

ಮನೆಗೆ ಬಂದ ಒಂದೇ ಒಂದು ಟಿಕೆಟ್ಟು! ಅದರಲ್ಲಿ ಹೋದವಳೂ ನೋಡಲಿಲ್ಲ, ಹೋಗದವನಿಗೂ ನೋಡಲು ಬಿಡಲಿಲ್ಲ.

"ಹೋಗ್ಲಿ ಬಿಡಿ," ಎಂದು ಹೆಂಡತಿ ಸಮಾಧಾನ ಮಾಡಿದಳು. "ಟಿ.ವಿ.ಲಿ ತಿರುಗಾ ಮುರುಗಾ ಅದನ್ನೇ ತೋರಿಸ್ತಿರ್ತಾರೆ. ಈಗ ನೋಡಿದ್ರಾಯ್ತು. ಮ್ಯಾಚ್ ಮುಗೀತಲ್ಲ, ಇನ್ನೇನು ಭಯ?"

ಅದೂ ಸರಿಯೇ. ರಾಯರು ಡ್ರೈವರನ ಮುಂದೆ ಕೈ ಚಾಚಿದರು. "ಕೊಡಪ್ಪ ಆ ವೈರು."

ಡ್ರೈವರ್ ಕೊಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ವೈರನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ತಪ್ಪು ತಿಳ್ಕೋಬೇಡಿ ಅಣ್ಣಾ. ಆ ಗೋಲ್ ಕೊಟ್ಟಿದ್ದು ಸರಿಯಲ್ಲ ಅಂತ ಎದುರು ತಂಡದವರು ದೂರು ಕೊಟ್ಟಿದ್ದಾರೆ. ಅದರ ತೀರ್ಪು ಬರೋವರೆಗೂ ನೀವದನ್ನ ನೋಡೋದು ಬೇಡ."

ರಾಯರು ಹೆಂಡತಿಯ ಮುಖ ನೋಡಿದರು. ಅನ್ಯಾಯ ಕಂಡರೆ ಅಧ್ಯಕ್ಷನನ್ನೂ ಬಿಡದ ಆ ವೀರನಾರಿ ಒಂದು ಕ್ಷಣ ಯೋಚಿಸಿ, ಗಂಡನನ್ನು ಮೆಲ್ಲಗೆ ಅಡಿಗೆಮನೆಯ ಕಡೆ ತಿರುಗಿಸಿದಳು.

"ಅವನು ಹೇಳೋದೂ ಸರೀನೇ. ಬನ್ನಿ, ಒಳಗೆ ಬನ್ನಿ."